ವಿಜ್ಞಾನಕಥೆಯ ಧಾರಾವಾಹಿಗಳಲ್ಲಿ ಅದ್ಭುತರಸದ ಭಂಗ

೧

ಭವಿಷ್ಯತ್ಕಾಲದ ಯಂತ್ರಗಳನ್ನೂ ಅನ್ಯಗ್ರಹಗಳ ಜೀವಿಗಳನ್ನೂ ವಸ್ತುವಾಗಿ ಇಟ್ಟುಕೊಂಡು ಟೆಲಿವಿಷನ್ನಿನಲ್ಲಿ ಕಂತುಕಂತಾಗಿ ತೋರಿಸುವ ವಿಜ್ಞಾನಕಥೆಗಳನ್ನು ಅಲಂಕಾರಶಾಸ್ತ್ರದ ಒರೆಗಲ್ಲಿಗೆ ಹಚ್ಚಹೊರಟರೆ ವಾಚಕ ಮಹಾಶಯರಲ್ಲಿ ಕೆಲವರಿಗೆ ನಗೆ ಬರಬಹುದು. ಆದರೆ ದೃಶ್ಯಕಾವ್ಯವು ರಂಗಸ್ಥಳವನ್ನು ಬಿಟ್ಟು ಪೆಟ್ಟಿಗೆಯೊಳಗೆ ಸೇರಿದ ಮಾತ್ರಕ್ಕೆ ದೃಶ್ಯಕಾವ್ಯವಲ್ಲದೆ ಹೋಗುವುದಿಲ್ಲ. ನೋಡುವವರು ಅಲ್ಲಿಯೂ ಇರುವರು, ತೋರಿಸುವವರೂ ಇರುವರು. ಇಬ್ಬರ ನಡುವೆ ಒಂದು ಕಥೆಯಿರುವುದು. ಆ ಕಥೆಯಿಂದ ರಸವು ಹುಟ್ಟಿತೋ ಇಲ್ಲವೋ, ಹುಟ್ಟದಿದ್ದರೆ ದೋಷವೆಲ್ಲಿಯದು ಎಂಬ ಪ್ರಶ್ನೆಯನ್ನು ಕೇಳದೆ ಬಿಡಲು ನಮಗೆ ಅಧಿಕಾರವಿಲ್ಲ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಕೇಳಿಬರುವ ಉತ್ತರವೊಂದಿದೆ. ನಮ್ಮ ಜನರು ಪುರಾಣಪ್ರಿಯರು. ವಿಜ್ಞಾನದ ಅಭಿರುಚಿಯು ಅವರಲ್ಲಿ ಬೆಳೆದಿಲ್ಲ. ಆದುದರಿಂದ ರಾಮಾಯಣ ಮಹಾಭಾರತಗಳ ಧಾರಾವಾಹಿಗಳನ್ನು ಅವರು ಕೈಮುಗಿದು ನೋಡುವರು, ವ್ಯೋಮಯಾನದ ಕಥೆಯು ಬಂದರೆ ಎದ್ದುಹೋಗುವರು ಎಂಬುದೇ ಆ ಉತ್ತರ. ಓದಿದವರ ಗೋಷ್ಠಿಗಳಲ್ಲಿ ಇದನ್ನು ಸಿದ್ಧಾಂತವೆಂದೇ ಹೇಳುವುದುಂಟು. ಈ ಲೇಖಕನು ಇದನ್ನು ಒಪ್ಪಲಾರನು. ಜವಳಗೇರೆಯ ಒಕ್ಕಲು ಮಕ್ಕಳು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು ಅಳೆದು ಭತ್ತ ಬೆಳೆಯುವವರು. ಬೀಜೋತ್ಪಾದನೆಯ ಕೇಂದ್ರೀಯ ಕ್ಷೇತ್ರವನ್ನು ತಮ್ಮ ಊರ ಸೀಮೆಯಲ್ಲಿಯೇ ಕಂಡವರು. ಹೊಸ ತಳಿ ಬಂದಿತೆಂದರೆ ಅದರ ಗುಣದೋಷಗಳನ್ನು ಒಂದು ಹಂಗಾಮಿನಲ್ಲಿ ಪರೀಕ್ಷಿಸಿ ತೀರ್ಪು ಕೊಡುವವರು. ಇವರಿಗೆ ವಿಜ್ಞಾನವು ಬೇಡವೆಂದು ಹೇಳುವುದು ಸಾಹಸವೇ ಸರಿ. ಪ್ರೇಕ್ಷಕನ ಮೇಲೆ ಹೊರಿಸಿದ ಈ ದೋಷವು ವಾಸ್ತವವಾಗಿ ಕಥೆಯ ದೋಷವೆಂದೂ, ಅದರ ಸ್ವರೂಪವನ್ನು ನಮ್ಮ ಪ್ರಾಚೀನ ಆಚಾರ್ಯರು ಬಹುಕಾಲದ ಹಿಂದೆಯೇ ನಿರ್ಣಯಿಸಿರುವರೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಎರಡು ಧಾರಾವಾಹಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಎರಡೂ ಹಿಂದಿಯವು, ಎರಡನ್ನೂ ದೂರದರ್ಶನವೇ ಪ್ರಸಾರ ಮಾಡಿತು, ಕಾಲವೂ ಸರಿಸುಮಾರು ಒಂದೇ. ಒಂದು, ೧೯೯೭ರ ಸೆಪ್ಟೆಂಬರಿನಲ್ಲಿ ಆರಂಭವಾದ ‘ಶಕ್ತಿಮಾನ್’. ಇನ್ನೊಂದು, ಕೇತನ್ ಮೆಹ್ತಾ ಅವರ ನಿರ್ದೇಶನದಲ್ಲಿ ೧೯೯೮ರಲ್ಲಿ ಬಂದ ‘ಕ್ಯಾಪ್ಟನ್ ವ್ಯೋಮ್’.

‘ಕ್ಯಾಪ್ಟನ್ ವ್ಯೋಮ್’ ಕಥೆಯು ನಡೆಯುವುದು ೨೨ನೆಯ ಶತಮಾನದಲ್ಲಿ. ಮನುಷ್ಯರು ಬೇರೆ ಬೇರೆ ಗ್ರಹಗಳಲ್ಲಿ ನೆಲೆಸಿರುವರು. ಘೋರ ಅಪರಾಧಿಗಳು ೧೨ ಮಂದಿ ಸೆರೆಯಿಂದ ತಪ್ಪಿಸಿಕೊಳ್ಳುವರು. ಅವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ತರುವುದು ನಾಯಕನ ಕಾರ್ಯ. ನಾಯಕನ ಪಾತ್ರವನ್ನು ಮಿಲಿಂದ್ ಸೋಮನ್ ವಹಿಸಿದ್ದರು. ಗಣಕಯಂತ್ರದಿಂದ ರಚಿಸಿದ ಚಿತ್ರಗಳು ಅಂದಿನ ನಮ್ಮ ಟೆಲಿವಿಷನ್ನಿಗೆ ತೀರ ಹೊಸವು. ಪ್ರಯತ್ನವು ದೊಡ್ಡದು, ಧೈರ್ಯವು ಮೆಚ್ಚತಕ್ಕುದು. ಅಂದಿನ ಬಾಲಕರಲ್ಲಿ ಕೆಲವರು ಇಂದಿಗೂ ಅದನ್ನು ಪ್ರೀತಿಯಿಂದ ನೆನೆಯುವರೆಂಬುದನ್ನು ಮರೆಮಾಚಬೇಕಾದುದಿಲ್ಲ. ಆದರೂ ಅದು ಬಹುಕಾಲ ನಡೆಯಲಿಲ್ಲ. ಅದರ ಹಿಂದೆ ಅದೇ ಜಾತಿಯ ಧಾರಾವಾಹಿಗಳ ಪರಂಪರೆಯೊಂದು ಹುಟ್ಟಲೂ ಇಲ್ಲ.

‘ಶಕ್ತಿಮಾನ್’ ಧಾರಾವಾಹಿಯಾದರೋ ೨೦೦೫ರವರೆಗೂ ನಡೆಯಿತು. ಅದರ ನಾಯಕನು ಯೋಗಸಾಧನೆಯಿಂದ ಕುಂಡಲಿನಿಯನ್ನೆಬ್ಬಿಸಿ ಪಂಚಭೂತಗಳ ಬಲವನ್ನು ಪಡೆದವನು. ಲೋಕದ ಕಣ್ಣಿಗೆ ಮಾತ್ರ ಗಂಗಾಧರನೆಂಬ ಎಡವುವ ಕಾಲಿನ, ನಗೆಗೀಡಾಗುವ ಪತ್ರಿಕಾ ಛಾಯಾಗ್ರಾಹಕ. ಪ್ರತಿನಾಯಕನ ಹೆಸರು ಕಿಲ್ವಿಷ. ಪಾಪವೆಂಬ ಅರ್ಥದ ‘ಕಿಲ್ಬಿಷ’ ಶಬ್ದವೇ ಇದೆಂಬುದನ್ನು ಸಂಸ್ಕೃತಜ್ಞರಿಗೆ ಹೇಳಬೇಕಾಗಿಲ್ಲ. ನಾಯಕನ ಪಾತ್ರವನ್ನು ವಹಿಸಿದ ಮುಖೇಶ್ ಖನ್ನಾ ಅವರು ೧೯೮೮ರಿಂದ ೧೯೯೦ರವರೆಗೆ ನಡೆದ ‘ಮಹಾಭಾರತ’ ಧಾರಾವಾಹಿಯಲ್ಲಿ ಭೀಷ್ಮರಾಗಿದ್ದವರು. ಈ ಧಾರಾವಾಹಿಯು ನಿರ್ದುಷ್ಟವೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ರಚನೆಯು ಹಲವೆಡೆ ಶಿಥಿಲ. ಮಕ್ಕಳು ನಾಯಕನನ್ನು ಅನುಕರಿಸಿ ಅಪಾಯಕ್ಕೆ ಒಳಗಾಗುವರೆಂಬ ಆಕ್ಷೇಪವೂ ಅಂದು ಬಂದಿತ್ತು. ಜನಪ್ರಿಯತೆಯೇ ಗುಣವಲ್ಲ. ಆದರೆ ಅದ್ಭುತವನ್ನು ಒಪ್ಪಿಸುವುದರಲ್ಲಿ ಅದು ಸಫಲವಾಯಿತು, ಇನ್ನೊಂದು ಅಷ್ಟು ಸಫಲವಾಗಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣವಿರಬೇಕು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹೇಳುವುದು ಅಪ್ರಸ್ತುತವಾಗಲಾರದು. ಆ ದಿನಗಳಲ್ಲಿ ನೆರೆಮನೆಯ ಪಡಸಾಲೆಯಲ್ಲಿ ಹತ್ತಾರು ಮಂದಿ ಒಟ್ಟಿಗೆ ಕುಳಿತು ಟೆಲಿವಿಷನ್ ನೋಡುವ ಪದ್ಧತಿಯಿತ್ತು. ‘ವ್ಯೋಮ್’ ಬರುತ್ತಿದ್ದಾಗ ಹಿರಿಯ ಒಕ್ಕಲಿಗರೊಬ್ಬರು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ನನ್ನ ಕಡೆಗೆ ತಿರುಗಿ, “ಆಚಾರ್ರ, ಇಂವ ಯಾರ ಮಗ? ಯಾವೂರಾಂವ?” ಎಂದು ಕೇಳಿದರು. ಕೂಡಿದ್ದವರೆಲ್ಲ ನಕ್ಕರು; ನಾನೂ ನಕ್ಕೆನು. ಅವರ ಪ್ರಶ್ನೆಯಲ್ಲಿ ಶಾಸ್ತ್ರವಿದ್ದಿತೆಂಬುದು ನನಗೆ ತಿಳಿದುದು ಬಹು ತಡವಾಗಿ.

೩

ಭರತಮುನಿಯ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತಪಾದರು ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸಿರುವರು. ತೋರಿಸಿದ ವಸ್ತುವು ಸಂಭವನೀಯವೆಂದು ಮನಸ್ಸಿಗೆ ಒಪ್ಪದಿರುವುದು, ತನ್ನದು, ಪರರದು ಎಂಬ ದೇಶಕಾಲವಿಶೇಷಗಳಲ್ಲಿ ಸಿಕ್ಕಿಬೀಳುವುದು, ತನ್ನ ಸುಖದುಃಖಗಳಲ್ಲಿ ಮುಳುಗಿರುವುದು, ಪ್ರತೀತಿಗೆ ಬೇಕಾದ ಸಾಧನಗಳ ಕೊರತೆ, ಸ್ಫುಟತೆಯಿಲ್ಲದಿರುವುದು, ಪ್ರಧಾನವಾಗತಕ್ಕುದು ಅಪ್ರಧಾನವಾಗುವುದು, ಸಂಶಯ. ಇವುಗಳಲ್ಲಿ ಮೊದಲನೆಯದಕ್ಕೆ ಅವರು ‘ಸಂಭಾವನಾವಿರಹ’ವೆಂದು ಹೆಸರಿಟ್ಟಿರುವರು. ಸಂಭವನೀಯವೆಂಬ ನಂಬಿಕೆಯೇ ಹುಟ್ಟದಿದ್ದರೆ ಪ್ರೇಕ್ಷಕನ ಚಿತ್ತವು ಕಥೆಯಲ್ಲಿ ನೆಲೆಗೊಳ್ಳುವುದಿಲ್ಲ. ನೆಲೆಗೊಳ್ಳದ ಚಿತ್ತಕ್ಕೆ ವಿಶ್ರಾಂತಿಯೆಲ್ಲಿಯದು?

ಈ ವಿಘ್ನವನ್ನು ನೀಗಿಸುವ ಉಪಾಯಗಳು ಎರಡೆಂದು ಆಚಾರ್ಯರ ಮತ. ವಸ್ತುವು ಲೋಕಸಾಮಾನ್ಯವಾಗಿದ್ದರೆ, ಅಂದರೆ ಎಲ್ಲರ ಬಾಳಿನಲ್ಲಿಯೂ ಕಾಣುವಂಥದಾಗಿದ್ದರೆ, ಹೃದಯಸಂವಾದವು ತಾನಾಗಿಯೇ ಉಂಟಾಗುವುದು. ವಸ್ತುವು ಲೋಕವನ್ನು ಮೀರಿದುದಾದರೆ, ಸಮುದ್ರವನ್ನು ದಾಟುವುದೇ ಮುಂತಾದ ಕಾರ್ಯಗಳನ್ನು ತೋರಿಸಬೇಕಾದರೆ, ಆಗ ರಾಮನೇ ಮೊದಲಾದ ಪ್ರಖ್ಯಾತರ ಹೆಸರನ್ನು ಹಿಡಿಯಬೇಕು. ತಲೆಮಾರುಗಳಿಂದ ಕಡಿಯದೆ ಬಂದ ಪ್ರಸಿದ್ಧಿಯಿಂದ ಆ ಹೆಸರಿನಲ್ಲಿ ವಿಶ್ವಾಸವು ಆಳವಾಗಿ ಬೇರೂರಿರುತ್ತದೆ. ಆ ವಿಶ್ವಾಸವೇ ಅಲೌಕಿಕವಾದ ಕಾರ್ಯವನ್ನೂ ಹೊತ್ತುಕೊಂಡು ನಿಲ್ಲುವುದು.

ಆನಂದವರ್ಧನಾಚಾರ್ಯರು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಇದನ್ನೇ ಇನ್ನೊಂದು ಬಗೆಯಿಂದ ಹೇಳಿರುವರು. ಕೇವಲ ಮನುಷ್ಯನಾದ ಅರಸನೊಬ್ಬನು ಏಳು ಕಡಲುಗಳನ್ನು ಲಂಘಿಸಿದನೆಂದು ಎಷ್ಟು ಸೊಗಸಾಗಿ ವರ್ಣಿಸಿದರೂ ಅದು ನೀರಸವೇ ಆಗುವುದು. ಅದಕ್ಕೆ ಕಾರಣ ಅನೌಚಿತ್ಯ. ಹಾಗಾದರೆ ಸಾತವಾಹನನು ನಾಗಲೋಕಕ್ಕೆ ಹೋದನೆಂಬ ಕಥೆಯನ್ನು ಜನರು ಕೇಳುತ್ತಿರುವರಲ್ಲವೆ ಎಂಬ ಆಕ್ಷೇಪವನ್ನು ತಾವೇ ಎತ್ತಿ, ಅವನ ವಿಷಯದಲ್ಲಿ ಅದು ಮೊದಲೇ ಪ್ರಸಿದ್ಧವಾಗಿರುವುದರಿಂದ ದೋಷವಿಲ್ಲವೆಂದೂ, ಕವಿಯು ಹೊಸದಾಗಿ ಕಲ್ಪಿಸಿದ ಬರಿಯ ಮನುಷ್ಯನ ಕಥೆಯಲ್ಲಿ ದಿವ್ಯವ್ಯಾಪಾರವನ್ನು ಸೇರಿಸಕೂಡದೆಂದೂ ಸಮಾಧಾನವನ್ನು ಕೊಟ್ಟಿರುವರು.

ಈಗ ನಮ್ಮ ಹಿರಿಯರ ಪ್ರಶ್ನೆಗೆ ಮರಳೋಣ. ಯಾರ ಮಗ, ಯಾವ ಊರು ಎಂದು ಕೇಳಿದವರು ಅದ್ಭುತವನ್ನು ನಿರಾಕರಿಸಲಿಲ್ಲ. ಅದ್ಭುತಕ್ಕೆ ಒಂದು ಆಧಾರವನ್ನು ಬೇಡಿದರು. ನಮ್ಮ ಸೀಮೆಯ ಬಯಲಾಟದಲ್ಲಿ ಪಾತ್ರವು ರಂಗಕ್ಕೆ ಬಂದೊಡನೆ ಸಾರಥಿಯು ಎದುರುನಿಂತು ಹೆಸರನ್ನೂ ನೆಲೆಯನ್ನೂ ಬಂದ ಕಾರಣವನ್ನೂ ವಿಚಾರಿಸುವನು. ಪಾತ್ರವು ತನ್ನ ಕುಲನಾಮಗಳನ್ನು ಸಾರಿ ಹೇಳಿದ ಮೇಲೆಯೇ ಕಥೆಯು ಮುಂದಕ್ಕೆ ಸಾಗುವುದು. ಇದು ಬರಿಯ ಸಂಪ್ರದಾಯವಲ್ಲ. ಸಂಭಾವನಾವಿರಹವನ್ನು ರಂಗದ ಬಾಗಿಲಿನಲ್ಲಿಯೇ ತಡೆಯುವ ಉಪಾಯ. ‘ವ್ಯೋಮ್’ ಧಾರಾವಾಹಿಯ ನಾಯಕನಿಗೆ ಇಂಥ ಸಾರಥಿಯಿರಲಿಲ್ಲ. ಅವನ ಹೆಸರು ಶುದ್ಧ ಸಂಸ್ಕೃತವೇ. ಆದರೆ ‘ವ್ಯೋಮ’ವೆಂದರೆ ಬಯಲು, ಶೂನ್ಯ. ಆ ಹೆಸರಿನ ಹಿಂದೆ ಕಥೆಯಿರಲಿಲ್ಲ. ‘ಕಿಲ್ವಿಷ’ನ ಹೆಸರಿನ ಹಿಂದೆ ಪಾಪಪುಣ್ಯಗಳ ಸಮಸ್ತ ವಿಚಾರವೂ, ‘ಗಂಗಾಧರ’ನ ಮುಖದ ಹಿಂದೆ ಭೀಷ್ಮರ ಮುಖವೂ ಇದ್ದವು.

ಹೆಸರೊಂದು ಎಷ್ಟು ಭಾರವನ್ನು ಹೊರಬಲ್ಲುದೆಂಬುದಕ್ಕೆ ನಮ್ಮ ಸಮೀಪದ ಮಸ್ಕಿಯೇ ಸಾಕ್ಷಿ. ದೇವಾನಾಂಪ್ರಿಯನೆಂಬ ಬಿರುದಿನಿಂದ ಶಾಸನಗಳನ್ನು ಹೊರಡಿಸಿದ ಅರಸನು ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಬಲದಿಂದ ಮೊದಲೇ ಊಹಿಸಿದ್ದರು. ಆದರೆ ೧೯೧೫ರಲ್ಲಿ ಮಸ್ಕಿಯ ಬಂಡೆಯ ಮೇಲೆ ಬಿರುದಿನ ಜೊತೆಯಲ್ಲಿ ‘ಅಶೋಕ’ ಎಂಬ ಹೆಸರೇ ದೊರೆತಾಗ ಮಾತ್ರ ಊಹೆಯು ನಿಶ್ಚಯವಾಯಿತು. ಇತಿಹಾಸದಲ್ಲಿ ಸಂಶಯವನ್ನು ಕಳೆದ ಹೆಸರು ಕಾವ್ಯದಲ್ಲಿಯೂ ಕಳೆಯುವುದು.

೪

ಇಲ್ಲಿ ಪೂರ್ವಪಕ್ಷಿಗಳು ಎರಡು ಆಕ್ಷೇಪಗಳನ್ನು ತರಬಹುದು. ಮೊದಲನೆಯದು ಹಣದ ಮತ್ತು ತಂತ್ರದ ಕೊರತೆ. ಅಮೆರಿಕದ ಚಿತ್ರಗಳಲ್ಲಿ ಕಾಣುವ ವೈಭವವು ನಮ್ಮಲ್ಲಿ ಇರಲಿಲ್ಲ. ಆದುದರಿಂದ ಜನರು ಒಪ್ಪಲಿಲ್ಲ ಎನ್ನುವರು. ಇದು ಅಭಿನವಗುಪ್ತರು ಹೇಳಿದ ನಾಲ್ಕನೆಯ ವಿಘ್ನ, ಸಾಧನಗಳ ವೈಕಲ್ಯ. ಆದರೆ ಬಯಲಾಟದ ಕಿರೀಟವು ಕಟ್ಟಿಗೆಯದು. ಭುಜಕೀರ್ತಿಗೆ ಬಣ್ಣದ ಕಾಗದ ಹಚ್ಚಿರುವುದನ್ನು ಮುಂದಿನ ಸಾಲಿನ ಹುಡುಗನೂ ಬಲ್ಲನು. ಆದರೂ ಬೆಳಗಾಗುವವರೆಗೆ ಒಬ್ಬರೂ ಏಳುವುದಿಲ್ಲ. ೧೯೮೭ರ ‘ರಾಮಾಯಣ’ದಲ್ಲಿ ಆಕಾಶದಲ್ಲಿ ಬಾಣಗಳು ಡಿಕ್ಕಿ ಹೊಡೆದು ಆರುತ್ತಿದ್ದ ರೀತಿಯನ್ನು ಕಂಡವರೆಲ್ಲರೂ ಅದರ ತಂತ್ರದ ಬಡತನವನ್ನು ಬಲ್ಲರು, ಆದರೂ ಭಾನುವಾರದ ಬೆಳಗಿನಲ್ಲಿ ಬೀದಿಗಳು ಬರಿದಾಗಿದ್ದುವು. ‘ಶಕ್ತಿಮಾನ್’ ಧಾರಾವಾಹಿಯ ತಂತ್ರವಂತೂ ‘ವ್ಯೋಮ್’ಗಿಂತ ಮಿಗಿಲಾಗಿರಲಿಲ್ಲ. ಆದುದರಿಂದ ಸಾಧನವು ಕಾರಣವಲ್ಲ. ಮಾತ್ರವಲ್ಲ, ಸಾಧನವು ಹೆಚ್ಚಾದಾಗ ಆರನೆಯ ವಿಘ್ನವು ತಲೆಹಾಕುವುದು: ಯಂತ್ರವು ಪ್ರಧಾನವಾಗಿ ಮನುಷ್ಯನು ಅಪ್ರಧಾನನಾಗುವನು. ಯಾನಗಳ ಓಟವನ್ನೂ ಆಯುಧಗಳ ಬೆಳಕನ್ನೂ ಕಂತುಕಂತಿಗೆ ಕಂಡ ಕಣ್ಣಿಗೆ ವಿಸ್ಮಯವು ಕೆಲವು ವಾರಗಳಲ್ಲಿ ಬತ್ತುವುದು; ಬತ್ತಿದ ಮೇಲೆ ಉಳಿಯಬೇಕಾದುದು ಯಾವನೋ ಒಬ್ಬನ ಸುಖದುಃಖ. ಅದು ಇಲ್ಲದಿದ್ದರೆ ನೋಡುವವನಿಗೆ ಕುಳಿತುಕೊಳ್ಳಲು ಕಾರಣವಿಲ್ಲ.

ಎರಡನೆಯ ಆಕ್ಷೇಪವು ಭಾಷೆಯದು. ಕನ್ನಡಿಗರಿಗೆ ಈ ಧಾರಾವಾಹಿಯು ಹಿಂದಿಯಲ್ಲಿ ಬಂದುದರಿಂದ ಸ್ಫುಟತೆಯಿಲ್ಲದೆ ಹೋಯಿತೆಂಬುದು ಅದರ ಸಾರ. ಇದರಲ್ಲಿ ಸತ್ಯಾಂಶವಿದೆ, ಅದನ್ನು ಮುಂದೆ ವಿಚಾರಿಸುವೆವು. ಆದರೆ ಇನ್ನೊಂದು ಧಾರಾವಾಹಿಯೂ ಹಿಂದಿಯದೇ ಆಗಿದ್ದಿತು. ಪಂಚಭೂತ, ಯೋಗ, ಪಾಪ ಎಂಬ ಶಬ್ದಗಳಿಗೆ ಭಾಷಾಂತರವು ಬೇಕಾಗಲಿಲ್ಲ. ಯಂತ್ರಗಳ ಮತ್ತು ಅಂತರಿಕ್ಷದ ಪರಿಭಾಷೆಗೆ ಬೇಕಾಯಿತು. ಭಾಷೆಯ ತೊಡಕು ಕೂಡ ಕಡೆಗೆ ಪ್ರಸಿದ್ಧಿಯ ತೊಡಕೇ ಆಗಿ ನಿಲ್ಲುವುದು.

೫

ಇನ್ನು ಮೂರನೆಯದೊಂದು ಆಕ್ಷೇಪವಿದೆ, ಅದು ಗುರುತರವಾದುದು. ಪ್ರಖ್ಯಾತವಸ್ತುವಿನ ಈ ನಿಯಮವು ಪುರಾಣಗಳಲ್ಲಿ ಬೆಳೆದ ನಮ್ಮ ಜನರಿಗೆ ಮಾತ್ರ ಸಲ್ಲುವುದು, ವಿಜ್ಞಾನದಲ್ಲಿ ಮುಂದುವರಿದ ದೇಶಗಳಿಗೆ ಸಲ್ಲದು ಎಂದು ಹೇಳಿದರೆ ಏನು ಮಾಡಬೇಕು? ಇದನ್ನು ಪರೀಕ್ಷಿಸಲು ಚಂದ್ರನಲ್ಲಿಗೆ ಮನುಷ್ಯರನ್ನು ಕಳುಹಿದ ದೇಶದ ಉದಾಹರಣೆಯನ್ನೇ ಎತ್ತಿಕೊಳ್ಳುವುದು ನ್ಯಾಯ.

ಅಮೆರಿಕದಲ್ಲಿ ಜೀನ್ ರಾಡನ್‌ಬೆರಿ ಎಂಬವರು ರಚಿಸಿದ ‘ಸ್ಟಾರ್ ಟ್ರೆಕ್’ ಧಾರಾವಾಹಿಯು ೧೯೬೬ರಲ್ಲಿ ಆರಂಭವಾಗಿ ೭೯ ಕಂತುಗಳ ಬಳಿಕ ೧೯೬೯ರಲ್ಲಿ ನಿಂತುಹೋಯಿತು. ರಂಗಸಜ್ಜಿಕೆಯು ಅಗ್ಗದ್ದು. ಆದರೂ ನೋಡಿದವರು ಅದನ್ನು ಬಿಡಲಿಲ್ಲ; ೧೯೬೮ರಲ್ಲಿ ಅದನ್ನು ನಿಲ್ಲಿಸುವರೆಂಬ ಸುದ್ದಿಯು ಹರಡಿದಾಗ ಪತ್ರಗಳ ರಾಶಿಯನ್ನೇ ಕಳುಹಿ ಇನ್ನೊಂದು ವರ್ಷ ನಡೆಯಿಸಿಕೊಂಡರು. ಮರುಪ್ರಸಾರಗಳಿಂದ ಅದರ ಕೀರ್ತಿಯು ಬೆಳೆಯಿತು. ೧೯೮೦ರ ದಶಕದಲ್ಲಿ ನಮ್ಮ ದೂರದರ್ಶನವೂ ಅದನ್ನು ತೋರಿಸಿತು. ೧೯೮೭ರಿಂದ ಮುಂದಕ್ಕೆ ಅದೇ ವಂಶದ ಬೇರೆ ಬೇರೆ ಧಾರಾವಾಹಿಗಳು ಎಡೆಬಿಡದೆ ಬಂದುವು. ಅಂದರೆ ಪುರಾಣವಿಲ್ಲದ ಜನರು ತಮಗೊಂದು ಪುರಾಣವನ್ನು ಕಟ್ಟಿಕೊಂಡರು. ಅದಕ್ಕೆ ಅದರದೇ ಋಷಿಗಳು, ಅದರದೇ ವಂಶಾವಳಿ, ಅದರದೇ ಧರ್ಮಸೂಕ್ಷ್ಮಗಳು. ಒಂದು ಕಂತಿನ ಮಾತು ಇನ್ನೊಂದು ಕಂತಿನ ಮಾತಿಗೆ ವಿರುದ್ಧವಾದರೆ ಅಭಿಮಾನಿಗಳು ಮೀಮಾಂಸಕರಂತೆ ವಾಕ್ಯಸಮನ್ವಯಕ್ಕೆ ತೊಡಗುವರು.

ಆ ವಂಶದಲ್ಲಿ ೨೦೦೧ರ ಸೆಪ್ಟೆಂಬರಿನಲ್ಲಿ ಹುಟ್ಟಿದುದು ‘ಎಂಟರ್‌ಪ್ರೈಸ್’. ಮೂಲಕಥೆಗೆ ಸುಮಾರು ನೂರು ವರ್ಷ ಹಿಂದಿನ ಕಥೆಯಿದು. ಮನುಷ್ಯರು ನಕ್ಷತ್ರಗಳ ಕಡೆಗೆ ಮೊದಲ ಹೆಜ್ಜೆಗಳನ್ನಿಟ್ಟ ಕಾಲದ್ದು. ಹಣಕ್ಕಾಗಲಿ ತಂತ್ರಕ್ಕಾಗಲಿ ಕೊರತೆಯಿರಲಿಲ್ಲ. ಮೊದಲ ಕಂತನ್ನು ಸುಮಾರು ೧ ಕೋಟಿ ೨೫ ಲಕ್ಷ ಮಂದಿ ನೋಡಿದರು. ನಾಲ್ಕನೆಯ ವರ್ಷದ ಹೊತ್ತಿಗೆ ನೋಡುಗರು ಅದರ ಕಾಲುಭಾಗಕ್ಕೆ ಇಳಿದರು. ೯೮ ಕಂತುಗಳಾದ ಮೇಲೆ ೨೦೦೫ರ ಮೇ ೧೩ರಂದು ಅದು ಮುಗಿಯಿತು. ಹಿಂದಿನ ಮೂರು ಧಾರಾವಾಹಿಗಳು ಏಳೇಳು ವರ್ಷ ಬಾಳಿದ್ದುವು. ಪ್ರಖ್ಯಾತವಾದ ಹೆಸರಿದ್ದೂ ಇದು ಬಿದ್ದುದೇಕೆ?

ಮೊದಲನೆಯದಾಗಿ, ಆ ಹೆಸರನ್ನೇ ಅವರು ಕೈಬಿಟ್ಟರು. ಹೊಸಬರನ್ನು ಸೆಳೆಯಬೇಕೆಂಬ ಆಸೆಯಿಂದ ‘ಸ್ಟಾರ್ ಟ್ರೆಕ್’ ಎಂಬ ಶಬ್ದಗಳನ್ನು ತೆಗೆದು ಬರಿಯ ‘ಎಂಟರ್‌ಪ್ರೈಸ್’ ಎಂದು ಕರೆದರು. ಮೂರನೆಯ ವರ್ಷದಲ್ಲಿ ನೋಡುಗರು ಚದುರುತ್ತಿರುವುದನ್ನು ಕಂಡು ಮರಳಿ ಸೇರಿಸಿದರು. ಆರಂಭದ ವಾದ್ಯಸಂಗೀತದ ಬದಲು ಹಾಡೊಂದನ್ನಿಟ್ಟುದನ್ನು ಅಭಿಮಾನಿಗಳು ಸಹಿಪತ್ರಗಳನ್ನು ಮಾಡಿ ವಿರೋಧಿಸಿದರು. ಇದು ಅಲ್ಪವಿಷಯವೆಂದು ತೋರಬಹುದು. ಆದರೆ ನಾಂದಿಯು ರಂಗದ ಹೊಸ್ತಿಲು. ಹೊಸ್ತಿಲಿನಲ್ಲಿ ಎಡವಿದವನು ಒಳಗೆ ಬಂದ ಮೇಲೂ ಕಾಲನ್ನೇ ನೋಡಿಕೊಳ್ಳುತ್ತಿರುವನು.

ಎರಡನೆಯದು ಪ್ರಕೃತಿವಿಪರ್ಯಯ. ಈ ಪುರಾಣದಲ್ಲಿ ವಲ್ಕನರೆಂಬವರು ತರ್ಕನಿಷ್ಠರು, ಜಿತೇಂದ್ರಿಯರು, ಸುಳ್ಳಾಡಲು ಹಿಂಜರಿಯುವವರು. ಮೂವತ್ತೈದು ವರ್ಷಗಳಿಂದ ಹಾಗೆಯೇ ಪ್ರಸಿದ್ಧರಾದವರು. ಹೊಸ ಧಾರಾವಾಹಿಯ ಮೊದಲ ವರ್ಷದಲ್ಲಿಯೇ ಅವರು ತಮ್ಮ ಪವಿತ್ರವಾದ ಮಠದ ಕೆಳಗೆ ಗೂಢಚಾರಿಕೆಯ ಯಂತ್ರಾಲಯವನ್ನು ಬಚ್ಚಿಟ್ಟುಕೊಂಡಿದ್ದರೆಂದು ತೋರಿಸಲಾಯಿತು. ಕಣ್ವರ ಆಶ್ರಮದ ನೆಲಮಾಳಿಗೆಯಲ್ಲಿ ದುಷ್ಯಂತನ ಶತ್ರುಗಳ ಆಯುಧಾಗಾರವಿದ್ದಿತೆಂದು ಯಾವನಾದರೂ ನಾಟಕ ಬರೆದರೆ ನಮಗೆ ಹೇಗಾದೀತೋ ಹಾಗೆಯೇ ಅವರಿಗೂ ಆಯಿತು. ಅದೇ ಕುಲದ ನಾಯಿಕೆಯನ್ನು ಮೈಗೆ ಅಂಟಿದ ಉಡುಪಿನಲ್ಲಿ ನಿಲ್ಲಿಸಿ, ಸೋಂಕು ತೊಳೆಯುವ ನೆಪದಿಂದ ಲೇಪನದ ದೃಶ್ಯಗಳನ್ನು ಕಲ್ಪಿಸಿದುದು ಶೃಂಗಾರವೂ ಅಲ್ಲ, ಶೃಂಗಾರಾಭಾಸ. ಆನಂದವರ್ಧನರು ರಾಮಾಯಣಾದಿಗಳನ್ನು ಸಿದ್ಧರಸಗಳೆಂದು ಕರೆದು, ಅಂಥ ಕಥೆಗಳಲ್ಲಿ ರಸಕ್ಕೆ ವಿರೋಧವಾದ ಸ್ವೇಚ್ಛೆಯು ಕೂಡದೆಂದಿರುವರು. ಅದೇ ಆಚಾರ್ಯರು ರಸಕ್ಕೆ ಅನುಕೂಲವಾದರೆ ಕಥೆಯನ್ನು ಬದಲಿಸಬಹುದೆಂದೂ ಒಪ್ಪಿರುವರೆಂಬುದನ್ನು ಇಲ್ಲಿ ಮರೆಯಬಾರದು. ಬದಲಾವಣೆಯೇ ದೋಷವಲ್ಲ; ರಸವನ್ನು ಕೆಡಿಸುವ ಬದಲಾವಣೆ ದೋಷ. ಇದಕ್ಕೆ ನಿದರ್ಶನವು ಅದೇ ಧಾರಾವಾಹಿಯಲ್ಲಿದೆ. ಮ್ಯಾನಿ ಕೋಟೊ ಎಂಬವರ ಹೊಣೆಯಲ್ಲಿ ನಡೆದ ನಾಲ್ಕನೆಯ ವರ್ಷದಲ್ಲಿ, ವಲ್ಕನರು ತಮ್ಮ ಆದಿಗುರುವಾದ ಸುರಾಕನ ನಿಜವಾದ ಉಪದೇಶವನ್ನು ಕಳೆದುಕೊಂಡು ದಾರಿತಪ್ಪಿದ್ದರೆಂದೂ ಈಗ ಅದನ್ನು ಮರಳಿ ಪಡೆದರೆಂದೂ ಮೂರು ಕಂತುಗಳ ಕಥೆಯನ್ನು ರಚಿಸಿದರು. ದೋಷವೇ ಕಥಾಬೀಜವಾಯಿತು, ಅಭಿಮಾನಿಗಳು ಅದನ್ನು ಮೆಚ್ಚಿದರು. ಆದರೆ ಎದ್ದುಹೋದವರು ಮರಳಿ ಬರಲಿಲ್ಲ.

ಮೂರನೆಯದು ನಿರ್ವಹಣದ ದೋಷ. ರೂಪಕದ ನಿರ್ವಹಣಸಂಧಿಯಲ್ಲಿ ಅದ್ಭುತವನ್ನು ಇಡಬೇಕೆಂದು ಭರತಮುನಿಯ ವಿಧಿ. ಇಲ್ಲಿಯ ಕೊನೆಯ ಕಂತಿನಲ್ಲಾದರೋ, ೧೯೮೭ರ ಧಾರಾವಾಹಿಯ ಪಾತ್ರಗಳಿಬ್ಬರು ಬಂದು, ಈ ನಾಲ್ಕು ವರ್ಷಗಳ ನಾಯಕರ ಅಂತ್ಯಕಥೆಯನ್ನು ಯಂತ್ರವು ಮರುಸೃಷ್ಟಿಸಿದ ಗತಕಾಲದ ನೋಟವಾಗಿ ನೋಡುವರು. ಜನರು ಮೆಚ್ಚಿದ್ದ ಪಾತ್ರವೊಂದು ಅದರೊಳಗೇ ಸಾಯುವುದು. ತನ್ನ ಮನೆಯ ಮದುವೆಯಲ್ಲಿ ತಾನೇ ಅತಿಥಿಯಾದಂತೆ, ಧಾರಾವಾಹಿಯು ತನ್ನ ನಿರ್ವಹಣದಲ್ಲಿ ತಾನೇ ಅಪ್ರಧಾನವಾಯಿತು. ಅಭಿಮಾನಿಗಳ ಸಿಟ್ಟು ಇಂದಿಗೂ ಆರಿಲ್ಲ.

ಆದುದರಿಂದ ನಿಯಮವು ಎರಡು ದೇಶಗಳಿಗೂ ಒಂದೇ. ‘ವ್ಯೋಮ್’ಗೆ ಪ್ರಸಿದ್ಧಿಯಿರಲಿಲ್ಲ, ‘ಎಂಟರ್‌ಪ್ರೈಸ್’ಗೆ ಪ್ರಸಿದ್ಧಿಯಿತ್ತು, ಅದರ ಔಚಿತ್ಯವನ್ನು ಕಾಯಲಿಲ್ಲ. ಒಂದು ಸಾಲ ದೊರೆಯದೆ ಕೆಟ್ಟಿತು. ಇನ್ನೊಂದು ದೊರೆತ ಸಾಲವನ್ನು ತೀರಿಸದೆ ಕೆಟ್ಟಿತು.

೬

ಇನ್ನು ಕನ್ನಡದ ಮಾತು. ಅಭಿನವಗುಪ್ತರು ಹೇಳಿದ ಎರಡು ಉಪಾಯಗಳನ್ನೂ ನಮ್ಮ ಗ್ರಂಥಕಾರರು ಪ್ರಯೋಗಿಸಿ ನೋಡಿರುವರು. ಲೋಕಸಾಮಾನ್ಯವಸ್ತುವಿನ ಮಾರ್ಗಕ್ಕೆ ಉತ್ತಮ ನಿದರ್ಶನ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦). ಕಟ್ಟುನಿಟ್ಟಾಗಿ ನೋಡಿದರೆ ಅದು ವಿಜ್ಞಾನಕಥೆಯಲ್ಲ. ಆದರೆ ವಿಜ್ಞಾನಜನ್ಯವಾದ ವಿಸ್ಮಯವೇ ಅದರ ಸ್ಥಾಯಿ. ಆ ಕಥೆಯು ಯಂತ್ರದಿಂದ ಆರಂಭವಾಗುವುದಿಲ್ಲ. ಜೇನುತುಪ್ಪ, ಗದ್ದೆ, ಮಂದಣ್ಣನ ಪೇಚಾಟಗಳು, ಪ್ಯಾರನ ಕೆಲಸಗಳು, ಕಿವಿ ಎಂಬ ನಾಯಿ, ಇವುಗಳಿಂದ ಆರಂಭವಾಗುವುದು. ಓದುಗನು ಇವರೆಲ್ಲರನ್ನೂ ಬಲ್ಲೆನೆಂದು ನಂಬಿದ ಮೇಲೆ ಕಾಡಿನೊಳಕ್ಕೆ ಕರೆದೊಯ್ದು, ಹಾರುವ ಓತಿಯನ್ನು ಕಡೆಯಲ್ಲಿ ತೋರಿಸಿ, ತೋರಿಸಿದೊಡನೆ ಕಣ್ಮರೆ ಮಾಡುವರು. ನಿರ್ವಹಣದಲ್ಲಿ ಅದ್ಭುತವೆಂಬ ಭರತವಾಕ್ಯಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆಯನ್ನು ಹೊಸಗನ್ನಡದಲ್ಲಿ ನಾನರಿಯೆ. ಪ್ರಖ್ಯಾತವಸ್ತುವಿನ ಮಾರ್ಗಕ್ಕೆ ‘ಮನು’ ಎಂಬ ಕಾವ್ಯನಾಮದವರ ‘ಮಹಾಸಂಪರ್ಕ’ವನ್ನು ಹೇಳಬಹುದು, ಅನ್ಯಲೋಕದವರ ಸಂಪರ್ಕವೆಂಬ ಕಲ್ಪನೆಯನ್ನು ಅದು ಮಹಾಭಾರತಕ್ಕೆ ತಂದು ಹೆಣೆದಿದೆ. ರಾಜಶೇಖರ ಭೂಸನೂರಮಠರೂ ವಿಜ್ಞಾನಕಥೆಗೆ ಕನ್ನಡದಲ್ಲಿ ಎಡೆ ಮಾಡಿದವರು. ಸಿನಿಮಾದಲ್ಲಿ ೨೦೨೪ರ ‘ಬ್ಲಿಂಕ್’ ಕಾಲಯಾನದ ಕಲ್ಪನೆಯನ್ನು ಪರೀಕ್ಷೆಯಲ್ಲಿ ಸೋತ ಸಾಮಾನ್ಯ ತರುಣನೊಬ್ಬನ ಬಾಳಿಗೆ ಕಟ್ಟಿ, ಬಾಯಿಂದ ಬಾಯಿಗೆ ಹರಡಿದ ಹೊಗಳಿಕೆಯಿಂದಲೇ ಪ್ರೇಕ್ಷಕರನ್ನು ಪಡೆಯಿತು.

ಪುಸ್ತಕದಲ್ಲಿ ಇಷ್ಟು ಇದ್ದರೂ, ಕನ್ನಡದ ಟೆಲಿವಿಷನ್ನಿನಲ್ಲಿ ಮನೆಮಾತಾದ ವಿಜ್ಞಾನಕಥೆಯ ಧಾರಾವಾಹಿಯೊಂದನ್ನು ಹೆಸರಿಸುವುದು ಕಷ್ಟ. ಹಿಂದೆ ಮುಂದೂಡಿದ ಭಾಷೆಯ ವಿಚಾರವು ಇಲ್ಲಿ ಬರುವುದು. ಪರಭಾಷೆಯ ಚಿತ್ರಗಳನ್ನೂ ಧಾರಾವಾಹಿಗಳನ್ನೂ ಕನ್ನಡದ ಧ್ವನಿ ಕೊಟ್ಟು ತೋರಿಸಕೂಡದೆಂಬ ಕಟ್ಟುಪಾಡು ನಮ್ಮಲ್ಲಿ ೧೯೬೦ರ ದಶಕದಿಂದ ಬಹುಕಾಲ ನಡೆಯಿತು. ಕನ್ನಡದ ಕಲಾವಿದರ ಅನ್ನವನ್ನು ಕಾಯುವುದು ಅದರ ಉದ್ದೇಶ. ಆ ಉದ್ದೇಶವನ್ನು ಹಳಿಯುವುದು ತರವಲ್ಲ. ೨೦೧೫ರಲ್ಲಿ ಭಾರತದ ಸ್ಪರ್ಧಾ ಆಯೋಗವು ಆ ತಡೆಯು ಕಾನೂನಿಗೆ ವಿರುದ್ಧವೆಂದು ತೀರ್ಮಾನಿಸಿ ಸಂಬಂಧಪಟ್ಟ ಸಂಘಗಳಿಗೆ ದಂಡ ವಿಧಿಸಿತು. ೨೦೨೦ರಲ್ಲಿ ಹಿಂದಿಯ ಮಹಾಭಾರತವೊಂದು ಕನ್ನಡದ ಧ್ವನಿಯಲ್ಲಿ ಬಂದು ಮನೆಮನೆಗಳಲ್ಲಿ ಮನ್ನಣೆ ಪಡೆಯಿತು. ಆದರೆ ನಡುವೆ ಕಳೆದುಹೋದ ಅರ್ಧಶತಮಾನದಲ್ಲಿ ಕನ್ನಡದ ಹುಡುಗನು ನಕ್ಷತ್ರಯಾನದ ಕಥೆಗಳನ್ನು ಹಿಂದಿಯಲ್ಲಿ ಅರ್ಧ, ಇಂಗ್ಲಿಷಿನಲ್ಲಿ ಕಾಲುಭಾಗ ತಿಳಿದುಕೊಂಡು ನೋಡಿದನು. ಪುರಾಣವು ಮಾತ್ರ ಅವನಿಗೆ ತಾಯ್ನುಡಿಯಲ್ಲಿ, ಅಜ್ಜಿಯ ಬಾಯಲ್ಲಿ, ಮಠದ ಪ್ರವಚನದಲ್ಲಿ, ಮಾನವಿಯ ಜಗನ್ನಾಥದಾಸರೇ ಮೊದಲಾದವರ ಹಾಡಿನಲ್ಲಿ ಬಂದಿತು. ಒಂದು ಅವನ ಭಾಷೆಯಲ್ಲಿಯೂ ಇನ್ನೊಂದು ಪರಭಾಷೆಯಲ್ಲಿಯೂ ಬಂದರೆ, ಅವನು ಯಾವುದನ್ನು ತನ್ನದೆಂದುಕೊಂಡಾನು? ಇದನ್ನೇ ನಾವು ‘ವಿಜ್ಞಾನದ ಅಭಿರುಚಿಯಿಲ್ಲ’ವೆಂದು ತಪ್ಪಾಗಿ ಓದಿದೆವು.

ಈ ತಪ್ಪಿನಲ್ಲಿ ನಮ್ಮ ಪಾಲೂ ಉಂಟು. ಪಾಠಶಾಲೆಗಳಲ್ಲಿ ರಸಸೂತ್ರವನ್ನು ಕಂಠಪಾಠ ಮಾಡಿದ ನಮ್ಮಂಥವರು ಅದ್ಭುತರಸಕ್ಕೆ ಹಳೆಯ ಉದಾಹರಣೆಗಳನ್ನೇ ಹೇಳುತ್ತ ಬಂದೆವು. ಕಣ್ಣೆದುರಿನ ಪೆಟ್ಟಿಗೆಯಲ್ಲಿ ಅದೇ ರಸವು ಹುಟ್ಟಿ ಸಾಯುತ್ತಿರುವುದನ್ನು ಹುಡುಗಾಟವೆಂದು ತಿರಸ್ಕರಿಸಿದೆವು. ಕನ್ನಡ ಪಾಠ ಹೇಳುವ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ತರಗತಿಯಲ್ಲಿ ಅದ್ಭುತವನ್ನು ವಿವರಿಸುವಾಗ ವಿದ್ಯಾರ್ಥಿಗಳು ಮೆಚ್ಚಿದ ಒಂದು ವಿಜ್ಞಾನಕಥೆಯನ್ನೂ, ಮೆಚ್ಚದೆ ಬಿಟ್ಟ ಒಂದನ್ನೂ ಎತ್ತಿಕೊಂಡು, ಏಳು ವಿಘ್ನಗಳಲ್ಲಿ ಯಾವುದು ಎಲ್ಲಿ ಬಂದಿತೆಂದು ಅವರಿಂದಲೇ ಹೇಳಿಸಬೇಕು. ಶಾಸ್ತ್ರವು ಬದುಕಿರುವುದು ಪ್ರಯೋಗದಲ್ಲಿ. ಕಥೆ ಬರೆಯುವವರಿಗೂ ಧಾರಾವಾಹಿ ಮಾಡುವವರಿಗೂ ಹೇಳಬಹುದಾದುದು ಇನ್ನೂ ಸುಲಭ. ನಿಮ್ಮ ನಾಯಕನು ಯಾವ ಗ್ರಹಕ್ಕಾದರೂ ಹೋಗಲಿ; ಅವನು ಹೊರಟ ಊರನ್ನು ಮೊದಲು ತೋರಿಸಿರಿ. ಸಿಂಧನೂರಿನ ಬಸ್ ನಿಲ್ದಾಣದಿಂದ ಹೊರಟವನು ಶನಿಗ್ರಹಕ್ಕೆ ಹೋದರೂ ನಮ್ಮವರು ನಂಬುವರು. ಎಲ್ಲಿಂದಲೂ ಹೊರಡದವನು ಪಕ್ಕದ ಊರಿಗೆ ಹೋದರೂ ನಂಬಲಾರರು.

ಯಾರ ಮಗ, ಯಾವ ಊರು ಎಂದು ಕೇಳಿದ ಆ ಹಿರಿಯರು ಈಗಿಲ್ಲ. ಅಂದು ನಾನು ನಕ್ಕುದಕ್ಕೆ ಈ ಲೇಖನವು ಪ್ರಾಯಶ್ಚಿತ್ತವೆಂದು ಸಹೃದಯರು ತಿಳಿಯಬೇಕಾಗಿ ಬಿನ್ನಹ.

ಜವಳಗೇರಾ